ಏಳೇ ವರ್ಷಕ್ಕೆ ಟಿಶ್ಯೂ ವಾಲ್ವ್ ಬಿಗಿಯಾಗುತ್ತಿದೆ: ಇದರಲ್ಲಿ ಸಕ್ಕರೆ ಕಾಯಿಲೆಯ ಪಾಲೆಷ್ಟು?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಈಗ 65 ವರ್ಷ. ಮಹಾಪಧಮನಿಯ ಕವಾಟ ಕಿರಿದಾಗಿದೆ ಎಂದು ಏಳು ವರ್ಷದ ಹಿಂದೆ ಎದೆ ತೆರೆದು ಟಿಶ್ಯೂ ವಾಲ್ವ್, ಅಂದರೆ ಪ್ರಾಣಿಯ ಅಂಗಾಂಶದಿಂದ ಮಾಡಿದ ಕವಾಟ, ಹಾಕಿದರು. ಅಳತೆ 21 ಮಿಲಿಮೀಟರ್. ಹದಿನೈದು ವರ್ಷ ಚಿಂತೆ ಬೇಡ ಎಂದಿದ್ದರು. ಮೊದಲ ವರ್ಷದ ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ಸರಾಸರಿ ಗ್ರೇಡಿಯಂಟ್, ಅಂದರೆ ಕವಾಟದ ಎರಡೂ ಬದಿಯ ಒತ್ತಡದ ವ್ಯತ್ಯಾಸ, 12 ಇತ್ತು, ಈಗ 24 ಬಂದಿದೆ. ಮನೆಗೆಲಸವೆಲ್ಲ ಮಾಡಿಕೊಳ್ಳುತ್ತಾರೆ, ಮಹಡಿ ಹತ್ತಿದರೆ ಮಾತ್ರ ಏದುಸಿರು.

ಸಕ್ಕರೆ ಕಾಯಿಲೆ ಹಳೆಯದು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.9, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 138. ಕಾಲು ನೋಯುತ್ತದೆ ಎಂದು ಕೊಲೆಸ್ಟ್ರಾಲ್ ಮಾತ್ರೆಯನ್ನು ತಾವೇ ನಿಲ್ಲಿಸಿದ್ದಾರೆ, ನಮಗೆ ತಿಳಿದದ್ದು ಈಚೆಗೆ. "ಟಿಶ್ಯೂ ವಾಲ್ವ್ ಅಲ್ಲವೇ, ಸವೆಯುತ್ತದೆ, ಆರು ತಿಂಗಳು ಬಿಟ್ಟು ಬನ್ನಿ" ಎಂದು ವೈದ್ಯರು ಹೇಳಿ ಕಳುಹಿಸಿದರು. ಸವೆತ ಎಂದರೆ ಚಪ್ಪಲಿಯ ಅಟ್ಟೆ ಸವೆಯುವ ಬಗೆಯೇ, ಅಥವಾ ಅಮ್ಮನ ರಕ್ತದಲ್ಲಿರುವುದೇ ಅದನ್ನು ಕೆಡಿಸುತ್ತಿದೆಯೇ? ಎರಡನೆಯದಾದರೆ ನಮ್ಮ ಕೈಯಲ್ಲಿ ಏನಾದರೂ ಇದೆಯೇ?

ಟಿಕ್‌ಟಿಕ್ ರಾಯ, ದಾವಣಗೆರೆ

ನನ್ನದು ಮೆಟಲ್ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡ, 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದ ಚಿತ್ರಾ ವಾಲ್ವ್. ರಾತ್ರಿ ಮಲಗಿದರೆ ಶಬ್ದ ಕೇಳಿಸುತ್ತದೆ. ಹೆಂಡತಿಗೆ ಈಗ ಅದಿಲ್ಲದೆ ನಿದ್ದೆ ಬಾರದು. ರಕ್ತ ತೆಳುವಾಗಿಸುವ ಅಸಿಟ್ರೋಮ್ ಮಾತ್ರೆ ಜೀವನಪೂರ್ತಿ, ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ ಜೀವನಪೂರ್ತಿ. ಆದರೆ ಕವಾಟ ಮಾತ್ರ ಹಾಕಿದ ದಿನದಂತೆಯೇ ಇದೆ. 58ನೇ ವಯಸ್ಸಿಗೆ ಟಿಶ್ಯೂ ಹಾಕಿದರೆ ಎರಡನೇ ಸರದಿ ಬರುವುದು ಖಚಿತ. ಇದರಲ್ಲಿ ಸಕ್ಕರೆಯನ್ನು ಏಕೆ ಎಳೆದು ತರುತ್ತೀರಿ? ವಯಸ್ಸು ಕಡಿಮೆಯಿದ್ದಷ್ಟೂ ಬೇಗ ಹೋಗುತ್ತದೆ, ಅಷ್ಟೇ.

ತುಂಗಾತೀರ

ರಾಯರೇ, ಆಗ ಅಮ್ಮನಿಗೆ ಹೊಟ್ಟೆಯ ಹುಣ್ಣಿನಿಂದ ರಕ್ತಸ್ರಾವವಾಗಿತ್ತು. ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ ಬೇಡ ಎಂದೇ ಟಿಶ್ಯೂ ಆರಿಸಿದರು. ಆ ತೀರ್ಮಾನದ ಬಗ್ಗೆ ನನಗೆ ದೂರಿಲ್ಲ.

ಎಕೋ ಕೋಣೆ, ಮೈಸೂರು

ನಾನು ಎಕೋ ತಂತ್ರಜ್ಞ. ಸಕ್ಕರೆಯ ವಿಷಯಕ್ಕೆ ಹೋಗುವ ಮೊದಲು ಈ 24 ಎಂಬ ಸಂಖ್ಯೆಯನ್ನು ವಿಚಾರಿಸಿಕೊಳ್ಳೋಣ.

ಹೊಸ ಕವಾಟಕ್ಕೆ ಜಾತಕವೆಂದರೆ ಶಸ್ತ್ರಚಿಕಿತ್ಸೆಯಾದ ಒಂದರಿಂದ ಮೂರು ತಿಂಗಳೊಳಗೆ ಮಾಡಿಸಿದ ಎಕೋ. ಆಮೇಲಿನದನ್ನೆಲ್ಲ ಅದರ ಜೊತೆ ಇಟ್ಟು ನೋಡಬೇಕು. 2021ರ ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ ಸರಾಸರಿ ಗ್ರೇಡಿಯಂಟ್ ಆ ಮೊದಲ ಅಳತೆಗಿಂತ ಕನಿಷ್ಠ 10 ಏರಿ, 20 ಅಥವಾ ಅದಕ್ಕೂ ಮೇಲೆ ಮುಟ್ಟಿರಬೇಕು. ಜೊತೆಗೆ ಕವಾಟ ತೆರೆಯುವ ವಿಸ್ತೀರ್ಣವೋ, ಕವಾಟ ಕಿರಿದಾದಂತೆ ಇಳಿಯುವ ಡಿವಿಐ ಎಂಬ ಅನುಪಾತವೋ ಇಳಿದಿರಬೇಕು. ಗ್ರೇಡಿಯಂಟ್ ಒಂದೇ ಏರಿ ಡಿವಿಐ ಹಾಗೆಯೇ ಉಳಿದಿದ್ದರೆ ನನಗೆ ಅನುಮಾನ ಬರುವುದು ರಕ್ತದ ಹರಿವಿನ ಮೇಲೆ. ರಕ್ತಹೀನತೆ, ಜ್ವರ, ಥೈರಾಯ್ಡ್ ಹೆಚ್ಚಾಗಿರುವುದು, ಇವೆಲ್ಲ ಕವಾಟವನ್ನು ಮುಟ್ಟದೆಯೇ ಗ್ರೇಡಿಯಂಟ್ ಏರಿಸುತ್ತವೆ. ಅಮ್ಮನ ಹಿಮೋಗ್ಲೋಬಿನ್ ಎಷ್ಟು?

ಇನ್ನೊಂದು, ಇದು ಮುಖ್ಯ. ಕವಾಟದ ಎಸಳಿನ ಮೇಲೆ ತೆಳುವಾಗಿ ರಕ್ತ ಹೆಪ್ಪುಗಟ್ಟಿದರೂ ಗ್ರೇಡಿಯಂಟ್ ಹೀಗೆಯೇ ಏರುತ್ತದೆ. ಅದು ಸವೆತವಲ್ಲ. ಕೆಲವು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರೆ ಇಳಿಯಬಹುದು. ಹೊರಗಿನಿಂದ ಮಾಡುವ ಎಕೋದಲ್ಲಿ ಇದು ಸುಲಭವಾಗಿ ಕಾಣುವುದಿಲ್ಲ, ಹೃದಯದ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಅಮ್ಮನಿಗೆ ಹುಣ್ಣಿನ ಇತಿಹಾಸ ಇರುವುದರಿಂದ ಆ ಮಾತ್ರೆಯ ತೀರ್ಮಾನ ವೈದ್ಯರದೇ. ಆದರೆ ಪ್ರಶ್ನೆಯನ್ನು ನೀವು ಕೇಳಲೇಬೇಕು.

ತುಂಗಾತೀರ

ಧನ್ಯವಾದ ಸರ್. ಹಿಮೋಗ್ಲೋಬಿನ್ 12.1. ಹಳೆಯ ಫೈಲು ಹುಡುಕಿದೆ, ಎರಡನೇ ತಿಂಗಳ ಎಕೋದಲ್ಲಿ ಗ್ರೇಡಿಯಂಟ್ 11, ಡಿವಿಐ 0.48. ಈಗ 0.34. ಎಸಳುಗಳು ದಪ್ಪವಾಗಿವೆ, ಒಂದು ಎಸಳಿನ ಚಲನೆ ಕುಗ್ಗಿದೆ ಎಂದೂ ಬರೆದಿದ್ದಾರೆ.

ಎಕೋ ಕೋಣೆ

ಹಾಗಾದರೆ ಏರಿಕೆ ನಿಜವೇ. ಹೆಪ್ಪೋ, ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ್ದೋ ಎಂಬುದು ಸಿಟಿಯಲ್ಲಿ ತಿಳಿಯುತ್ತದೆ. ಮುಂದಿನದನ್ನು ಪೆಥಾಲಜಿ ಬೆಂಚಿನವರು ಹೇಳಲಿ, ಅವರು ಈ ಕವಾಟಗಳನ್ನು ಕೈಯಲ್ಲಿ ಹಿಡಿದು ನೋಡುವವರು.

ಪೆಥಾಲಜಿ ಬೆಂಚು, ಬೆಂಗಳೂರು

ಕರೆದಿದ್ದಕ್ಕೆ ಬಂದೆ, ಸ್ವಲ್ಪ ಉದ್ದವಾಗುತ್ತದೆ.

ಕೆಟ್ಟುಹೋದ ಟಿಶ್ಯೂ ವಾಲ್ವ್ ಫಾರ್ಮಲಿನ್ ಡಬ್ಬಿಯಲ್ಲಿ ನಮ್ಮ ಟೇಬಲ್ಲಿಗೆ ಬರುತ್ತದೆ. ಹೊಸದರಲ್ಲಿ ಎಸಳು ದಂತವರ್ಣ, ಬೆರಳಿನಿಂದ ತಳ್ಳಿದರೆ ಬಾಗುತ್ತದೆ. ಕೆಟ್ಟದ್ದು ಹಳದಿಗಟ್ಟಿ ಬುಡದಲ್ಲಿ ಗಂಟುಗಂಟಾಗಿರುತ್ತದೆ, ಚಿಮಟಿ ತಾಗಿದರೆ ಟಕ್ ಎನ್ನುತ್ತದೆ. ಎರಡು ಎಸಳು ಸೇರುವ ಮೂಲೆಯ ಬಳಿ ಸೀಳು ಇದ್ದರೂ ಇರಬಹುದು, ಏಕೆಂದರೆ ಮುಚ್ಚುವಾಗಿನ ಒತ್ತಡವೆಲ್ಲ ಬೀಳುವುದು ಅಲ್ಲಿ. ಎಕ್ಸ್‌ರೇ ತೆಗೆದರೆ ಸುಣ್ಣ ಬಿಳಿಯಾಗಿ ಕಾಣುತ್ತದೆ. ಫಾನ್ ಕೋಸಾ ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಲ್ಲಿ ಅದೇ ಸುಣ್ಣ ಕಪ್ಪು. ಇಷ್ಟನ್ನು ಎಲ್ಲರೂ ನೋಡುತ್ತಾರೆ. ಕೊಬ್ಬನ್ನು ನೋಡುವವರು ಕಡಿಮೆ, ಅದಕ್ಕೊಂದು ಸರಳ ಕಾರಣವಿದೆ. ನಾವು ದಿನನಿತ್ಯ ಮಾದರಿಯನ್ನು ಮೇಣದಲ್ಲಿ ಕೂರಿಸುವ ಮೊದಲು ಆಲ್ಕೋಹಾಲ್, ಜೈಲೀನ್‌ಗಳಲ್ಲಿ ಅದ್ದುತ್ತೇವೆ. ಆಗ ಕೊಬ್ಬೆಲ್ಲ ಕರಗಿ ಹೋಗುತ್ತದೆ. ಮಾದರಿಯನ್ನು ಹೆಪ್ಪುಗಟ್ಟಿಸಿ ಕತ್ತರಿಸಿ ಆಯಿಲ್ ರೆಡ್ ಬಣ್ಣ ಹಾಕಿದರೆ ಮಾತ್ರ ಎಸಳಿನೊಳಗೆ ಕೆಂಪು ಹನಿಗಳು ಕಾಣುತ್ತವೆ. ಹಾಗೆ ಹುಡುಕಿದ ಸಂಶೋಧಕರಿಗೆ ಕೆಟ್ಟ ಕವಾಟಗಳಲ್ಲಿ ಆಕ್ಸಿಡೀಕರಣಗೊಂಡ ಎಲ್‌ಡಿಎಲ್ ಕೂಡ, ಅದನ್ನು ನುಂಗಿ ಉಬ್ಬಿದ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಕೂಡ ಸಿಕ್ಕಿವೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವಾಗ ನಡೆಯುವ ಉರಿಯೂತಕ್ಕೆ ಇದು ಹತ್ತಿರದ ಸಂಬಂಧಿ.

ರಾಯರು ವಯಸ್ಸು ಎಂದರು. ಒಪ್ಪುತ್ತೇನೆ, ಅದು ಮೊದಲ ಕಾರಣ. ಮಕ್ಕಳಲ್ಲಿ ಟಿಶ್ಯೂ ವಾಲ್ವ್ ಬಹಳ ಬೇಗ ಸುಣ್ಣ ಕಟ್ಟುತ್ತದೆ. ಕಂಪನಿಗಳು ಸುಣ್ಣದ ಪರೀಕ್ಷೆಗೆ ಎಳೆಯ ಕುರಿಗಳನ್ನು ಬಳಸುವುದೂ ಅದಕ್ಕೇ, ಬೆಳೆಯುವ ದೇಹದಲ್ಲಿ ಕ್ಯಾಲ್ಸಿಯಂನ ಓಡಾಟ ಜೋರು. ಆದರೆ ವಯಸ್ಸು ತಾನಾಗಿ ಎಸಳಿನ ಒಳಗೆ ಹೋಗಿ ಕೂರುವುದಿಲ್ಲ. ರಕ್ತದಲ್ಲಿ ಇರುವುದು ಹೋಗಿ ಕೂರುತ್ತದೆ.

ಮೂಲಕ್ಕೆ ಹೋದರೆ, ಈ ಎಸಳುಗಳು ಹಂದಿಯ ಹೃದಯದ ಕವಾಟದ್ದು, ಇಲ್ಲವೇ ದನದ ಹೃದಯದ ಹೊರಪೊರೆಯದ್ದು. 1960ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಅಲೇನ್ ಕಾರ್ಪೆಂಟಿಯೇ ಅದನ್ನು ಗ್ಲುಟರಾಲ್ಡಿಹೈಡ್‌ನಲ್ಲಿ ಹದಮಾಡುವ ದಾರಿ ತೋರಿಸಿದರು. ಚರ್ಮ ಹದಮಾಡಲು ಬಳಸುವ ರಾಸಾಯನಿಕವೇ ಅದು. ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ದೇಹವು ಅದನ್ನು ಪರಕೀಯವೆಂದು ಹೊರದಬ್ಬುವುದು ತಗ್ಗುತ್ತದೆ. ಇದರ ಬೆಲೆಯೆಂದರೆ ಜೀವಕೋಶಗಳೆಲ್ಲ ಸಾಯುತ್ತವೆ. ಕ್ಯಾಲ್ಸಿಯಂ ಅನ್ನು ಹೊರಗೆ ತಳ್ಳುತ್ತಿದ್ದ ಪಂಪು ನಿಂತುಹೋದ ಸತ್ತ ಕೋಶಗಳ ಪೊರೆಯಲ್ಲಿ ರಂಜಕ (ಫಾಸ್ಫರಸ್) ಇರುತ್ತದೆ. ಹೊರಗಿನಿಂದ ಬಂದ ಕ್ಯಾಲ್ಸಿಯಂ ಅದರ ಜೊತೆ ಸೇರಿ ಹರಳು ಕಟ್ಟತೊಡಗುತ್ತದೆ.

ಇನ್ನು ಸಕ್ಕರೆ. ನಮ್ಮ ದೇಹದ ಕೊಲಾಜನ್‌ಗೂ ಸಕ್ಕರೆ ಅಂಟಿಕೊಳ್ಳುತ್ತದೆ, ಆದರೆ ಬದುಕಿರುವ ಕೋಶಗಳು ನಿಧಾನವಾಗಿಯಾದರೂ ಹಳೆಯದನ್ನು ಕಿತ್ತು ಹೊಸದನ್ನು ನೇಯುತ್ತವೆ. ಟಿಶ್ಯೂ ವಾಲ್ವ್‌ನಲ್ಲಿ ನೇಯುವವರೇ ಇಲ್ಲ. ಅಂಟಿದ್ದು ಅಂಟಿದಂತೆಯೇ ಉಳಿಯುತ್ತದೆ, ವರ್ಷದ ಮೇಲೆ ವರ್ಷ ಕೂಡುತ್ತಲೇ ಹೋಗುತ್ತದೆ. 2020ರಲ್ಲಿ ಅಮೆರಿಕದ ಒಂದು ತಂಡ, ರೋಗಿಗಳಿಂದ ತೆಗೆದ ಕವಾಟಗಳಲ್ಲಿ ಇಂಥ ಸಕ್ಕರೆ ಅಂಟಿದ ಪ್ರೋಟೀನುಗಳನ್ನೂ ರಕ್ತದಿಂದ ಒಳನುಗ್ಗಿದ ಆಲ್ಬುಮಿನ್ ಎಂಬ ಪ್ರೋಟೀನನ್ನೂ ತೋರಿಸಿತು. ಇವು ಕೊಲಾಜನ್‌ನ ಜೋಡಣೆಯನ್ನು ಕೆಡಿಸಿ ಎಸಳನ್ನು ಬಿರುಸಾಗಿಸುತ್ತವೆ. ಸುಣ್ಣವಿಲ್ಲದೆಯೂ ಕವಾಟ ಕೆಡಬಲ್ಲದು ಎಂಬುದು ಇದರಲ್ಲಿ ನನಗೆ ದೊಡ್ಡದಾಗಿ ಕಂಡ ಮಾತು.

ಕಂಪನಿಯ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಟಿಶ್ಯೂ ವಾಲ್ವ್ ಮಾರುಕಟ್ಟೆಗೆ ಬರುವ ಮೊದಲು ಯಂತ್ರದಲ್ಲಿ 20 ಕೋಟಿ ಸಲ ತೆರೆದು ಮುಚ್ಚಬೇಕು, ಅಂದರೆ ಐದು ವರ್ಷದ ಬಡಿತ. ಆ ಯಂತ್ರದೊಳಗೆ ಹರಿಯುವುದು ರಕ್ತವಲ್ಲ. ಅಲ್ಲಿ ಎಚ್‌ಬಿಎ1ಸಿ 8.9 ಇಲ್ಲ, ಎಲ್‌ಡಿಎಲ್ 138 ಇಲ್ಲ, ರಂಜಕವನ್ನು ಹೊರಹಾಕಲಾರದ ಮೂತ್ರಪಿಂಡ ಇಲ್ಲ. ಅದು ಪರೀಕ್ಷಿಸುವುದು ಸವೆತವನ್ನು. ನಿಮ್ಮ ಅಮ್ಮನ ಕವಾಟ ಇರುವುದು ನಿಮ್ಮ ಅಮ್ಮನೊಳಗೆ.

ಟಿಕ್‌ಟಿಕ್ ರಾಯ

ಇಷ್ಟು ಓದಿದ ಮೇಲೆ ನನ್ನ ಮೆಟಲ್ ವಾಲ್ವ್ ಮೇಲೆ ಇನ್ನೂ ಪ್ರೀತಿ ಹುಟ್ಟಿತು. ಐಎನ್‌ಆರ್ ಸೂಜಿಯ ಮೇಲೂ.

ಅಂಕಿಅಂಶ, ಧಾರವಾಡ

ಬೆಂಚಿನವರ ಬರಹ ಚೆನ್ನಾಗಿದೆ. ಆದರೆ ಕೆಟ್ಟ ಕವಾಟದಲ್ಲಿ ಕೊಬ್ಬು ಸಿಕ್ಕಿತು ಎಂದಾಕ್ಷಣ ಕೊಬ್ಬೇ ಕೆಡಿಸಿತು ಎನ್ನಲಾಗದು. ಕೆಟ್ಟ ಮೇಲೆ ಒಳಹೊಕ್ಕಿರಬಹುದಲ್ಲವೇ?

ರೋಗಿಗಳ ಮೇಲಿನ ಪುರಾವೆ ಏನಿದೆ ಎಂಬುದನ್ನು ನೋಡೋಣ. 2006ರಲ್ಲಿ ಕೆನಡಾದ ಕ್ವಿಬೆಕ್ ತಂಡ, ಮೆಟಬಾಲಿಕ್ ಸಿಂಡ್ರೋಮ್ ಇರುವವರಲ್ಲಿ ಟಿಶ್ಯೂ ವಾಲ್ವ್‌ನ ಗ್ರೇಡಿಯಂಟ್ ಬೇಗ ಏರುತ್ತದೆ ಎಂದು ವರದಿ ಮಾಡಿತು. ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಈ ಐದರಲ್ಲಿ ಮೂರು ಕೆಟ್ಟಿದ್ದರೆ ಆ ಹೆಸರು. ಸೊಂಟದ ಮಿತಿ ನಮ್ಮವರಿಗೆ ಬಿಗಿ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಇಟಲಿಯ ಹಲವು ಆಸ್ಪತ್ರೆಗಳ 2012ರ ಅಧ್ಯಯನ, ಉಳಿದ ವಿಷಯಗಳಲ್ಲಿ ಹೋಲುವ ಜೋಡಿಗಳನ್ನು ಹೊಂದಿಸಿ ನೋಡಿದಾಗಲೂ ಎರಡನೇ ಬಗೆಯ ಸಕ್ಕರೆ ಕಾಯಿಲೆ ಇರುವವರಲ್ಲಿ ಕವಾಟ ಬೇಗ ಕೆಡುತ್ತದೆ ಎಂದಿತು. 2018ರಲ್ಲಿ ಮತ್ತೆ ಕ್ವಿಬೆಕ್‌ನವರೇ ಸಕ್ಕರೆ ಕಾಯಿಲೆ, ಇನ್ಸುಲಿನ್ ಪ್ರತಿರೋಧ, ಎಲ್‌ಡಿಎಲ್ ತೆರವಿಗೆ ಅಡ್ಡಬರುವ ಪಿಸಿಎಸ್‌ಕೆ9 ಪ್ರೋಟೀನು, ಉರಿಯೂತದ ಒಂದು ಕಿಣ್ವ ಇವುಗಳ ನಂಟು ತೋರಿಸಿದರು. ಇಷ್ಟೂ ನಂಟುಗಳು. ಕಾರಣ ಎನ್ನಲು ಇನ್ನೊಂದು ಮೆಟ್ಟಿಲು ಬೇಕು: ಒಂದನ್ನು ತಗ್ಗಿಸಿದರೆ ಇನ್ನೊಂದು ತಗ್ಗಬೇಕು.

ಆ ಮೆಟ್ಟಿಲಿನ ಕಥೆ ನೆನಪಿಸುತ್ತೇನೆ. ಹುಟ್ಟಿನಿಂದ ಬಂದ ಮಹಾಪಧಮನಿ ಕವಾಟ ಸುಣ್ಣ ಕಟ್ಟುವುದರಲ್ಲೂ ಎಲ್‌ಡಿಎಲ್ ಅಪರಾಧಿಯಂತೆ ಕಂಡಿತ್ತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಟ್ಟರೆ ನಿಲ್ಲುತ್ತದೆ ಎಂದು ಎಲ್ಲರೂ ಅಂದುಕೊಂಡರು. 2005ರಲ್ಲಿ ಸ್ಕಾಟ್ಲೆಂಡಿನ ಸಾಲ್ಟೈರ್, 2008ರಲ್ಲಿ 1873 ರೋಗಿಗಳ ಸೀಸ್, 2010ರಲ್ಲಿ ಕೆನಡಾದ ಆಸ್ಟ್ರೋನಾಮರ್, ಮೂರೂ ಪ್ರಯೋಗಗಳಲ್ಲಿ ಕೊಲೆಸ್ಟ್ರಾಲ್ ಚೆನ್ನಾಗಿ ಇಳಿಯಿತು. ಕವಾಟ ಕಿರಿದಾಗುವುದು ಮಾತ್ರ ನಿಲ್ಲಲಿಲ್ಲ. ಟಿಶ್ಯೂ ವಾಲ್ವ್‌ಗೆ ಸ್ಟ್ಯಾಟಿನ್ ಬಗ್ಗೆ ಇರುವುದು ಹಳೆಯ ಕಡತ ತಿರುವಿ ನೋಡಿದ ಲೆಕ್ಕಗಳು, ಅವೂ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಇನ್ನೂ ಒಂದು ಮೋಸವಿದೆ. ಎಷ್ಟು ಜನರಿಗೆ ಮರುಶಸ್ತ್ರಚಿಕಿತ್ಸೆ ಆಯಿತು ಎಂದು ಎಣಿಸಿ ಕವಾಟದ ಬಾಳಿಕೆ ಹೇಳುವ ರೂಢಿ ಇತ್ತು. 80 ದಾಟಿದವರಿಗೆ ಕವಾಟ ಕೆಟ್ಟರೂ ಮತ್ತೆ ಎದೆ ತೆರೆಯುವುದು ಬೇಡ ಎಂದು ಬಿಟ್ಟರೆ ಆ ಕವಾಟ ಲೆಕ್ಕದಲ್ಲಿ ಗಟ್ಟಿಮುಟ್ಟು! ಸಕ್ಕರೆ ಕಾಯಿಲೆಯವರು ಬೇರೆ ಕಾರಣದಿಂದ ಮೊದಲೇ ತೀರಿಕೊಂಡರೆ ಅವರ ಕವಾಟವೂ ಹಾಗೆಯೇ. ಹದಿನೈದು ವರ್ಷ ಎಂಬ ಮಾತನ್ನು ಕೇಳಿದಾಗಲೆಲ್ಲ ನಾನು ಕೇಳುವುದು, ಯಾರನ್ನು ಎಣಿಸಿ ಹೇಳಿದಿರಿ ಎಂದು.

ಪೆಥಾಲಜಿ ಬೆಂಚು

ಎಣಿಕೆಯ ಮೋಸದ ಬಗ್ಗೆ ನಿಮ್ಮ ಜೊತೆಗಿದ್ದೇನೆ. ಸ್ಟ್ಯಾಟಿನ್ ಪ್ರಯೋಗಗಳ ಬಗ್ಗೆ ಅರ್ಧ ಮಾತ್ರ. ಆ ಮೂರರಲ್ಲೂ ಸೇರಿಕೊಂಡವರ ಕವಾಟದಲ್ಲಿ ಆಗಲೇ ಸುಣ್ಣ ಕೂತಿತ್ತು. ಹರಳು ಕಟ್ಟಿದ ಮೇಲೆ ಅದು ತನ್ನ ದಾರಿ ಹಿಡಿಯುತ್ತದೆ, ಕೊಬ್ಬು ಕಡಿಮೆ ಮಾಡಿದರೆ ಹಿಂದಿರುಗುವುದಿಲ್ಲ. ಟಿಶ್ಯೂ ವಾಲ್ವ್‌ನಲ್ಲಿ ನಮಗೆ ಒಂದು ಅವಕಾಶವಿದೆ: ಸೊನ್ನೆಯ ದಿನ ಯಾವುದೆಂದು ಗೊತ್ತು. ಮೊದಲ ದಿನದಿಂದಲೇ ಎಲ್‌ಡಿಎಲ್ ಇಳಿಸಿದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಅಂಕಿಅಂಶ

ಪ್ರಶ್ನೆ ಒಳ್ಳೆಯದು. ಉತ್ತರ ಬಂದಿದೆ ಎಂದು ನೀವು ಹೇಳದಿದ್ದರೆ ನನ್ನ ಜಗಳವೂ ಇಲ್ಲ.

ತುಂಗಾತೀರ

ಸರ್, ಮೇಡಂ, ಯಾರಾದರೂ ಆಗಿರಿ, ನನ್ನಂಥವಳು ಇದರಿಂದ ಏನು ತಿಳಿಯಬೇಕು? ಅಮ್ಮ ಮಾತ್ರೆ ನುಂಗಬೇಕೋ ಬೇಡವೋ?

ಅಂಕಿಅಂಶ

ನುಂಗಬೇಕು ಅಮ್ಮಾ, ಅದರಲ್ಲಿ ಎರಡು ಮಾತಿಲ್ಲ. 65 ವರ್ಷ, ಹಳೆಯ ಸಕ್ಕರೆ ಕಾಯಿಲೆ, ಎಲ್‌ಡಿಎಲ್ 138. ಹೃದಯಾಘಾತ ಮತ್ತು ಪಾರ್ಶ್ವವಾಯು ತಡೆಯಲು ಸ್ಟ್ಯಾಟಿನ್ ನೆರವಾಗುತ್ತದೆ ಎಂಬುದಕ್ಕೆ ಪುರಾವೆ ರಾಶಿಯಿದೆ. ಕವಾಟ ಉಳಿಯುತ್ತದೆ ಎಂಬ ಆಸೆಗಾಗಿ ಬೇಡ, ಅಮ್ಮನಿಗಾಗಿ. ಕಾಲು ನೋವನ್ನು ವೈದ್ಯರಿಗೆ ಹೇಳಿದರೆ ಪ್ರಮಾಣ ಇಳಿಸಬಹುದು, ಬೇರೆ ಸ್ಟ್ಯಾಟಿನ್‌ಗೆ ಬದಲಾಯಿಸಬಹುದು, ಎಜೆಟಿಮೈಬ್ ಎಂಬ ಬೇರೆ ಬಗೆಯ ಕೊಲೆಸ್ಟ್ರಾಲ್ ಮಾತ್ರೆ ಸೇರಿಸಬಹುದು. ತಾವಾಗಿ ನಿಲ್ಲಿಸುವುದೊಂದು ಬೇಡ.

ಮದ್ದೂರು ಮುದ್ದೆ, ಮಂಡ್ಯ ಜಿಲ್ಲೆ

ತಂದೆಗೂ ಟಿಶ್ಯೂ ವಾಲ್ವ್ ಇದೆ. ಕವಾಟದಲ್ಲಿ ಕ್ಯಾಲ್ಸಿಯಂ ಕಟ್ಟುತ್ತದೆ ಎಂದು ಯಾರೋ ಹೇಳಿದ್ದು ಕೇಳಿ ರಾಗಿ ಬಿಟ್ಟಿದ್ದಾರೆ, ಹಾಲು ಮೊಸರು ಬಿಟ್ಟಿದ್ದಾರೆ. ಮೂರು ಹೊತ್ತೂ ಅನ್ನ. ಮುದ್ದೆ ಇಲ್ಲದೆ ಮುಖ ಬಾಡಿದೆ. ಇದು ಸರಿಯೇ?

ಪೆಥಾಲಜಿ ಬೆಂಚು

ದಯವಿಟ್ಟು ಮುದ್ದೆ ವಾಪಸ್ ಕೊಡಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ ನಿಜ. ಆದರೆ ರಕ್ತದ ಕ್ಯಾಲ್ಸಿಯಂ ತಟ್ಟೆಯನ್ನು ನೋಡಿ ಏರಿಳಿಯುವುದಿಲ್ಲ. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅದನ್ನು ಬಿಗಿಯಾದ ಮಿತಿಯಲ್ಲಿ ಹಿಡಿದಿಡುತ್ತವೆ. ತಿನ್ನುವುದು ಕಡಿಮೆಯಾದರೆ ಮೂಳೆಯಿಂದ ಎಳೆದು ತರುತ್ತವೆ. ಹಾಲು, ರಾಗಿ ಬಿಟ್ಟರೆ ತಂದೆಯ ಮೂಳೆ ಸೊರಗುತ್ತದೆ, ಕವಾಟಕ್ಕೆ ಏನೂ ಸಿಗುವುದಿಲ್ಲ. ತಂದೆಗೆ ಸಕ್ಕರೆ ಕಾಯಿಲೆ ಇದ್ದರೆ ಮೂರು ಹೊತ್ತಿನ ಅನ್ನವೇ ನನಗೆ ಹೆಚ್ಚು ಚಿಂತೆಯ ವಿಷಯ. ಮುದ್ದೆಯನ್ನೂ ಅಳತೆಯಲ್ಲಿ, ಸೊಪ್ಪಿನ ಸಾರು ಕಾಳಿನ ಜೊತೆ. ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದರೆ ಅದು ಬೇರೆ ವಿಷಯ, ಯಾರು ಏಕೆ ಬರೆದುಕೊಟ್ಟರು ಎಂದು ಕೇಳಿ ಮುಂದುವರಿಸಿ.

ಟಿಕ್‌ಟಿಕ್ ರಾಯ

ಸೊಪ್ಪಿನ ಸಾರು ಎಂದಿರಿ. ಸೊಪ್ಪು ಅಸಿಟ್ರೋಮ್‌ನ ಪ್ರಭಾವ ತಗ್ಗಿಸುತ್ತದೆ, ಅದನ್ನು ನುಂಗುವ ನಮ್ಮಂಥವರಿಗೆ ಒಂದು ದಿನ ಬುಟ್ಟಿ ಸೊಪ್ಪು, ಮರುವಾರ ಸೊನ್ನೆ ಆಗಬಾರದು. ದಿನವೂ ಒಂದೇ ಹದದಲ್ಲಿ ಇರಬೇಕು. ಟಿಶ್ಯೂನವರಿಗೆ ಈ ಗೋಳಿಲ್ಲ, ಅನುಭವಿಸಿ.

ಮಂಗಳವಾರದ ಡಯಾಲಿಸಿಸ್, ಉಡುಪಿ

ಪ್ಯಾರಾಥೈರಾಯ್ಡ್ ಹೆಸರು ಕೇಳಿ ಬಂದೆ. ಮೂತ್ರಪಿಂಡ ಸರಿ ಇರುವವರಿಗೆ ಮೇಲಿನ ಮಾತು ಸರಿ. ನನ್ನ ಯಜಮಾನರಿಗೆ ಡಯಾಲಿಸಿಸ್ ನಡೆಯುತ್ತಿದೆ, ಟಿಶ್ಯೂ ವಾಲ್ವ್ ಕೂಡ ಇದೆ. ನಮ್ಮ ಮನೆಯಲ್ಲಿ ಖಳನಾಯಕ ರಂಜಕ. ಅವರ ಫಾಸ್ಫರಸ್ ಒಮ್ಮೆ 7ರ ಹತ್ತಿರ ಹೋಗಿತ್ತು, ಸಾಮಾನ್ಯವಾಗಿ 4.5ರ ಒಳಗಿರಬೇಕು. ಪ್ಯಾರಾಥೈರಾಯ್ಡ್ ಹಾರ್ಮೋನು ಏರಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತದೆ, ಎರಡೂ ರಕ್ತದಲ್ಲಿ ಸೇರಿ ರಕ್ತನಾಳ, ಕವಾಟ ಎಲ್ಲೆಂದರಲ್ಲಿ ಕೂರುತ್ತವೆ ಎಂದು ವೈದ್ಯರು ಚಿತ್ರ ಬರೆದು ತೋರಿಸಿದರು. ಊಟದ ಜೊತೆಯಲ್ಲೇ ನುಂಗುವ ಸೆವೆಲಮರ್ ಮಾತ್ರೆ ಇದೆ, ಊಟದ ಮೊದಲಲ್ಲ, ಒಂದು ಗಂಟೆ ಬಿಟ್ಟಲ್ಲ. ಊಟದ ರಂಜಕವನ್ನು ಹೊಟ್ಟೆಯಲ್ಲೇ ಹಿಡಿಯಬೇಕಲ್ಲ. ಕೋಲಾ, ಡಬ್ಬಿಯ ಮಾಂಸ, ಸಂಸ್ಕರಿಸಿದ ಚೀಸ್ ಮನೆಗೆ ಬರುವುದಿಲ್ಲ. ಬೇಳೆಯ ವಿಷಯದಲ್ಲಿ ಆಹಾರ ತಜ್ಞರು ಅಳತೆ ಹೇಳಿದ್ದಾರೆ. ತುಂಗಾತೀರ ಅವರೇ, ಮೂತ್ರಪಿಂಡದ ಸ್ಥಿತಿ ತಿಳಿಯಲು ಅಮ್ಮನ ಕ್ರಿಯಾಟಿನಿನ್ ನೋಡಿಸಿದ್ದೀರಾ? ಇಷ್ಟು ವರ್ಷದ ಸಕ್ಕರೆ ಎಂದರೆ ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದೆಯೇ ಎಂದೂ ನೋಡಬೇಕು.

ತುಂಗಾತೀರ

ಕ್ರಿಯಾಟಿನಿನ್ 1.3 ಇದೆ ಅಕ್ಕ. "ಸ್ವಲ್ಪ ಹೆಚ್ಚು, ಪರವಾಗಿಲ್ಲ" ಎಂದಿದ್ದರು. ಮೂತ್ರದ ಆಲ್ಬುಮಿನ್ ಯಾವತ್ತೂ ಬರೆದುಕೊಟ್ಟಿಲ್ಲ.

ಮಂಗಳವಾರದ ಡಯಾಲಿಸಿಸ್

65ರ ಹೆಂಗಸಿಗೆ 1.3 ಸಣ್ಣ ವಿಷಯವಲ್ಲ. ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ ಲೆಕ್ಕ ಹಾಕಿಸಿ. ಸಿಟಿ ಸ್ಕ್ಯಾನ್‌ಗೆ ಡೈ ಹಾಕುತ್ತಾರಲ್ಲ, ಅದಕ್ಕೂ ಮೊದಲೇ ಇದು ಗೊತ್ತಿರಬೇಕು. ಮೂತ್ರದ ಪರೀಕ್ಷೆಯನ್ನು ನೀವೇ ಕೇಳಿ ಬರೆಸಿಕೊಳ್ಳಿ.

ಸಹ್ಯಾದ್ರಿ ಮಳೆ, ಸಾಗರ

ಬೆಂಚಿನವರು ಹಂದಿ, ದನ ಎಂದರಲ್ಲ. ಅಜ್ಜನಿಗೆ ಹಾಕಿದ್ದು ಯಾವುದೆಂದು ನಮಗೆ ಯಾರೂ ಹೇಳಲೇ ಇಲ್ಲ. ಅಜ್ಜ ಮಡಿವಂತರು. ಸಕ್ಕರೆ ಕಾಯಿಲೆ ಇರುವವರಿಗೆ ಯಾವುದು ಒಳ್ಳೆಯದು ಎಂದೇನಾದರೂ ಇದೆಯೇ?

ಪೆಥಾಲಜಿ ಬೆಂಚು

ಎರಡೂ ಸುಣ್ಣ ಕಟ್ಟುತ್ತವೆ, ಎರಡಕ್ಕೂ ಸಕ್ಕರೆ ಅಂಟುತ್ತದೆ. ಹಂದಿಯ ಕವಾಟ ಸೀಳುವುದು ಹೆಚ್ಚು, ಪೊರೆಯದ್ದು ಬಿಗಿಯಾಗುವುದು ಹೆಚ್ಚು ಎಂಬ ಪ್ರವೃತ್ತಿ ಇದೆ, ಅಷ್ಟರಿಂದ ಸಕ್ಕರೆಯವರಿಗೆ ಇದೇ ಎಂದು ಹೇಳಲಾಗದು. ಈಚಿನ ಕವಾಟಗಳಲ್ಲಿ ಉಳಿದ ಆಲ್ಡಿಹೈಡ್ ತುದಿಗಳನ್ನು ಮುಚ್ಚುವ, ಎಥನಾಲ್‌ನಲ್ಲಿ ಕೊಬ್ಬು ತೊಳೆಯುವ, ಗ್ಲಿಸರಾಲ್‌ನಲ್ಲಿ ಒಣಗಿಸಿ ಇಡುವ ವಿಧಾನಗಳಿವೆ. ಅವು ಮುಖ್ಯವಾಗಿ ಸುಣ್ಣಕ್ಕೆ ಮದ್ದು. ಯಾವ ಪ್ರಾಣಿಯದೆಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲೇ ಹೇಳಬೇಕು. ಕೇಳುವುದು ನಿಮ್ಮ ಹಕ್ಕು, ಅಜ್ಜನ ನಂಬಿಕೆಗೆ ಅಲ್ಲಿ ಗೌರವ ಸಿಗಬೇಕು.

ನಿರ್ವಾಹಕ

ಈ ಪ್ರಶ್ನೆಯ ಕೆಳಗೆ ಬಂದ ಹನ್ನೊಂದು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಕವಾಟದ ಬಗ್ಗೆ ಮಾತಾಡಿ, ಒಬ್ಬರ ಊಟದ ತಟ್ಟೆಗೆ ಇನ್ನೊಬ್ಬರು ಇಣುಕುವುದು ಬೇಡ.

ಎಕೋ ಕೋಣೆ

ತುಂಗಾತೀರ ಅವರೇ, ಎರಡನೇ ಸರದಿಯ ಬಗ್ಗೆ ಈಗಲೇ ಯೋಚಿಸಿ. ಹೆದರಿಸಲು ಹೇಳುತ್ತಿಲ್ಲ. ಈಗ ತೊಡೆಯ ರಕ್ತನಾಳದಿಂದ ಹೋಗಿ ಹಳೆಯ ಕವಾಟದೊಳಗೆ ಹೊಸದನ್ನು ಅರಳಿಸಿ ಕೂರಿಸುತ್ತಾರೆ. ಆದರೆ ಅಮ್ಮನದು 21. ಅದರೊಳಗೆ ಇನ್ನೊಂದು ಕೂತರೆ ಜಾಗ ಇನ್ನೂ ಕಿರಿದು, ಹೊಸ ಕವಾಟ ಕೂತ ದಿನವೇ ಗ್ರೇಡಿಯಂಟ್ ಹೆಚ್ಚಿರಬಹುದು. ಹಳೆಯ ಎಸಳು ಹೃದಯದ ರಕ್ತನಾಳದ ಬಾಯಿಗೆ ಅಡ್ಡ ಬರುತ್ತದೆಯೇ ಎಂದೂ ಸಿಟಿಯಲ್ಲಿ ಅಳೆಯಬೇಕು. ದೇಹದ ಗಾತ್ರಕ್ಕೆ ಕವಾಟ ಚಿಕ್ಕದಾದರೆ ಮೊದಲಿನಿಂದಲೇ ಎಸಳಿನ ಮೇಲೆ ಒತ್ತಡ ಹೆಚ್ಚು, ತೂಕ ಏರಿದಷ್ಟೂ ಆ ಕೊರತೆ ಹಿಗ್ಗುತ್ತದೆ. ತೂಕ ಇಳಿಸಿ ಎನ್ನುವುದಕ್ಕೆ ಕವಾಟದ ಕಡೆಯಿಂದಲೂ ಒಂದು ಕಾರಣ ಇಲ್ಲಿದೆ. ಬಿಪಿ ಕೂಡ ಅಷ್ಟೇ. ಕವಾಟ ಮುಚ್ಚಿದ ಪ್ರತಿ ಸಲವೂ ಆ ಒತ್ತಡವನ್ನು ಹೊರುವುದು ಎಸಳು.

ಬಿಸಿಲೂರು, ಕಲಬುರಗಿ

ನನಗೆ 29. ಚಿಕ್ಕವಳಿದ್ದಾಗ ರುಮಾಟಿಕ್ ಜ್ವರ ಬಂದು ಮೈಟ್ರಲ್ ಕವಾಟ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನದು) ಕೆಟ್ಟಿತ್ತು. ಮಗು ಬೇಕೆಂದಿದ್ದರಿಂದ ಎರಡು ವರ್ಷದ ಹಿಂದೆ ಟಿಶ್ಯೂ ಹಾಕಿದರು, ಮೆಟಲ್ ವಾಲ್ವ್‌ಗೆ ಬೇಕಾಗುವ ರಕ್ತ ತೆಳುವಾಗಿಸುವ ವಾರ್ಫರಿನ್ ಹೊಟ್ಟೆಯ ಮಗುವಿಗೆ ಒಳ್ಳೆಯದಲ್ಲ ಎಂದು. ಸಕ್ಕರೆ ಇಲ್ಲ, ಕೊಲೆಸ್ಟ್ರಾಲ್ ಇಲ್ಲ, ತೂಕ 48 ಕಿಲೋ. ನನ್ನ ಕವಾಟ ಬಹಳ ಕಾಲ ಬಾಳುತ್ತದೆ ಎಂದು ಇಲ್ಲಿ ಓದಿ ಅಂದುಕೊಳ್ಳಲೇ?

ಪೆಥಾಲಜಿ ಬೆಂಚು

ತಂಗಿ, ನೇರವಾಗಿ ಹೇಳುತ್ತೇನೆ. ನಿಮ್ಮ ವಿಷಯದಲ್ಲಿ ರಾಯರ ಮಾತೇ ಸರಿ, ವಯಸ್ಸೇ ದೊಡ್ಡದು. ಮೇಲಾಗಿ ಮೈಟ್ರಲ್ ಜಾಗದಲ್ಲಿ ಟಿಶ್ಯೂ ವಾಲ್ವ್ ಮಹಾಪಧಮನಿಯ ಜಾಗಕ್ಕಿಂತ ಬೇಗ ಕೆಡುತ್ತದೆ, ಹೃದಯ ಹಿಂಡಿದಾಗಿನ ಪೂರ್ತಿ ಒತ್ತಡ ಮುಚ್ಚಿದ ಕವಾಟದ ಮೇಲೆ ಬೀಳುತ್ತದೆ. ಸಕ್ಕರೆ, ಕೊಬ್ಬು ಇಲ್ಲದಿರುವುದು ನಿಮಗೆ ಲಾಭವೇ, ಆದರೆ ವಯಸ್ಸಿನ ಸಾಲವನ್ನು ಅದು ತೀರಿಸುವುದಿಲ್ಲ. ಮಗು ಬೇಕೆಂದು ತಿಳಿದೇ ಮಾಡಿದ ಆಯ್ಕೆ ಇದು, ಒಳ್ಳೆಯ ಆಯ್ಕೆ. ಗರ್ಭಧಾರಣೆಗೆ ಮೊದಲೇ ಹೃದಯ ವೈದ್ಯರು ಮತ್ತು ಹೆರಿಗೆ ವೈದ್ಯರು ಒಟ್ಟಿಗೆ ನೋಡಲಿ. ರುಮಾಟಿಕ್ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಸೂಜಿಯನ್ನು ಕವಾಟ ಬದಲಾಯಿತು ಎಂದು ನಿಲ್ಲಿಸಿಲ್ಲ ತಾನೆ?

ಬಿಸಿಲೂರು

ನಿಲ್ಲಿಸಿದ್ದೆ ಮೇಡಂ. ಆಪರೇಷನ್ ಆದ ಮೇಲೆ ಬೇಡ ಎಂದುಕೊಂಡೆ. ನಾಳೆಯೇ ಕೇಳುತ್ತೇನೆ. ಎಕೋ ಸರ್, ನನ್ನ ಗ್ರೇಡಿಯಂಟ್ ಹೋದ ಸಲ 4, ಈ ಸಲ 7. ಇದು ಏರಿಕೆಯೇ?

ಎಕೋ ಕೋಣೆ

ಎರಡೂ ದಿನ ನಾಡಿಬಡಿತ ಎಷ್ಟಿತ್ತು ನೋಡಿ, ವರದಿಯ ಮೇಲ್ಭಾಗದಲ್ಲಿ ಬರೆದಿರುತ್ತದೆ. ಮೈಟ್ರಲ್ ಕವಾಟದ ಗ್ರೇಡಿಯಂಟ್ ಬಡಿತದ ಜೊತೆ ಏರುತ್ತದೆ. 65ರಲ್ಲಿ 4 ಇದ್ದದ್ದು 95ರಲ್ಲಿ 7 ಆದರೆ ಕವಾಟ ಬದಲಾಗಿದೆ ಎನ್ನಲಾಗದು. ಬಡಿತ ಒಂದೇ ಇದ್ದು 7 ಆಗಿದ್ದರೆ ಎರಡೂ ವರದಿಗಳನ್ನು ತೆಗೆದುಕೊಂಡು ಸೂಜಿ ಕೇಳಲು ಹೋಗುವಾಗಲೇ ತೋರಿಸಿ. ಬಡಿತ ಬರೆದಿಲ್ಲವಾದರೆ ಎಕೋ ಮಾಡಿದ ಕಡೆ ಕೇಳಿ, ಚಿತ್ರದ ಮೂಲೆಯಲ್ಲಿ ಆ ಸಂಖ್ಯೆ ಇದ್ದೇ ಇರುತ್ತದೆ.